ಹಳೆಯ ಶರಣರ ಬಾಯಲ್ಲಿ ಹೊಸ ಮಾತು ಬರುವ ಬಗೆ

ಸಂಕ್ರಾಂತಿಯ ಹೊತ್ತಿಗೆ ಸೊಲ್ಲಾಪುರದಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಮೊದಲು ಊರ ಸುತ್ತಲಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನ, ಆಮೇಲೆ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಆಮೇಲೆ ಹೋಮ. ಚಿಂಚೋಳಿ ಎಂಐಡಿಸಿಯಲ್ಲಿ ಪಾಳಿ ಮುಗಿಸಿದವರು, ಅಕ್ಕಲಕೋಟ ಕಡೆಯ ಹಳ್ಳಿಗಳಿಂದ ಬಂದವರು, ಮನೆಯಲ್ಲಿ ಕನ್ನಡ ಆಡುವವರು, ಮರಾಠಿ ಆಡುವವರು ಎಲ್ಲರೂ ಗಡ್ಡಾ ಜಾತ್ರೆಗೆ ನೆರೆಯುತ್ತಾರೆ. ಅಕ್ಷತೆಯ ಹಿಂದಿನ ಕಥೆ ಅವರಿಗೆಲ್ಲ ಗೊತ್ತು: 12ನೇ ಶತಮಾನದ ಶರಣ ಸಿದ್ಧರಾಮರನ್ನೇ ವರಿಸುತ್ತೇನೆಂದು ಹಟ ಹಿಡಿದ ಕುಂಬಾರರ ಕನ್ಯೆಗೆ ಅವರ ಯೋಗದಂಡದೊಂದಿಗೆ ಮದುವೆಯಾಯಿತು.

ಇದೇ ಸಿದ್ಧರಾಮರನ್ನು ಪುಸ್ತಕಗಳಲ್ಲಿ ಹುಡುಕಿದರೆ ಒಬ್ಬರಲ್ಲ, ಹಲವರು ಸಿಗುತ್ತಾರೆ. 13ನೇ ಶತಮಾನದ ರಾಘವಾಂಕನ ‘ಸಿದ್ಧರಾಮಚಾರಿತ್ರ’ದಲ್ಲಿ ಅವರು ಶ್ರೀಶೈಲದ ಮಲ್ಲಯ್ಯನ ಮಗು, ಸೊನ್ನಲಿಗೆಯನ್ನು, ಅಂದರೆ ಇಂದಿನ ಸೊಲ್ಲಾಪುರವನ್ನು, ಕಟ್ಟಿದ ಕರ್ಮಯೋಗಿ. 15ನೇ ಶತಮಾನದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುವಿನ ಪ್ರಶ್ನೆಗೆ ಎದುರಾಗಿ, ಕಲ್ಯಾಣಕ್ಕೆ ನಡೆದು, ಚೆನ್ನಬಸವಣ್ಣನಿಂದ ದೀಕ್ಷೆ ಪಡೆಯುವ ಸಾಧಕ. 1584ರ ‘ಚೆನ್ನಬಸವಪುರಾಣ’ದಲ್ಲಿ ಚೆನ್ನಬಸವಣ್ಣನ ಎದುರು ಕುಳಿತು ಕೇಳುವ ಶ್ರೋತೃ. ಇವುಗಳಲ್ಲಿ ನಿಜ ಯಾವುದು ಎಂದು ಕೇಳುವುದು ಸಹಜ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಹಿಂದಿನ ಮಹಾಪುರುಷನನ್ನು ಮುಂದಿನ ಕಾಲದ ಕವಿ ಯಾವ ದಾರಿಯಿಂದ ತನ್ನ ಕೃತಿಯೊಳಗೆ ಕರೆತರುತ್ತಾನೆ?

ಈ ಪ್ರಶ್ನೆಯನ್ನು ವಿದ್ವಾಂಸರು ಬಹಳ ಹಚ್ಚಿಕೊಂಡು ಅಭ್ಯಾಸ ಮಾಡಿರುವುದು ಪ್ರಾಚೀನ ಯೆಹೂದಿ ಸಾಹಿತ್ಯದಲ್ಲಿ. ನಮ್ಮ ಶರಣ ಪರಂಪರೆಗೂ ಅದಕ್ಕೂ ಕೊಡುಕೊಳೆ ಇತ್ತೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಕೆಲಸ ನಡೆಯುವ ರೀತಿ ಎರಡೂ ಕಡೆ ಬೆರಗಾಗುವಷ್ಟು ಒಂದೇ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ಮಾತು ಖಚಿತವಾಗುತ್ತದೆ: ನಂತರದ ಕಥೆಗಾರ ಶೂನ್ಯದಿಂದ ಹೆಣೆಯುವುದಿಲ್ಲ. ಹಳೆಯ ಕಥೆಯಲ್ಲಿ ಯಾವುದೋ ಒಂದು ಕೊಂಡಿ ಅವನಿಗೆ ಸಿಕ್ಕಿರುತ್ತದೆ. ಆ ಕೊಂಡಿ ಯಾವುದೆಂದು ನಾವು ಹುಡುಕಿಕೊಂಡರೆ ಅವನ ಕಾಲಕ್ಕೆ ಏನು ಬೇಕಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ಹಿನ್ನೆಲೆ ಇಷ್ಟು

ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಜೆರುಸಲೇಮಿನ ದೇವಾಲಯವನ್ನು ಕೆಡವಿ ಯೆಹೂದಿಗಳನ್ನು ಸೆರೆ ಒಯ್ದರು. ಕ್ರಿ.ಪೂ. 515ರ ಸುಮಾರಿಗೆ ಎರಡನೆಯ ದೇವಾಲಯ ಎದ್ದಿತು. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನೂ ಸುಟ್ಟರು. ಈ ಎರಡು ನಾಶಗಳ ನಡುವೆ ಯೆಹೂದಿ ಧರ್ಮಗ್ರಂಥಗಳು ನಿಧಾನವಾಗಿ ಒಂದು ಗೊತ್ತಾದ ರೂಪಕ್ಕೆ ಬಂದವು. ಅದೇ ಕಾಲದಲ್ಲಿ ಅವುಗಳ ಸುತ್ತ ಮತ್ತೊಂದು ದೊಡ್ಡ ಸಾಹಿತ್ಯವೂ ಬೆಳೆಯಿತು. 1947ರಿಂದ ಮೃತ ಸಮುದ್ರದ ಬಳಿ ಕುಮ್ರಾನಿನ ಹನ್ನೊಂದು ಗವಿಗಳಲ್ಲಿ ಸಿಕ್ಕ ಸುರುಳಿಗಳು ಈ ಸಾಹಿತ್ಯ ಎಷ್ಟು ಸಮೃದ್ಧವಾಗಿತ್ತು ಎಂಬುದನ್ನು ತೋರಿಸಿದವು. ಅದರೊಳಗೆ ಕೆಲಸ ಮಾಡುವ ದಾರಿಗಳನ್ನು ಐದಾಗಿ ನೋಡಬಹುದು.

ಒಂದನೆಯ ದಾರಿ: ಬಿಟ್ಟ ಜಾಗವನ್ನು ತುಂಬುವುದು

ಯೆಹೂದಿ ಧರ್ಮಗ್ರಂಥಗಳಲ್ಲಿ ಮೊದಲನೆಯದಾದ ಆದಿಕಾಂಡದ ಐದನೆಯ ಅಧ್ಯಾಯ ಒಂದು ವಂಶಾವಳಿ. ಇಂಥವನು ಇಷ್ಟು ವರ್ಷ ಬಾಳಿದ, ಸತ್ತ ಎಂದು ಒಬ್ಬೊಬ್ಬರ ಲೆಕ್ಕ ಅಲ್ಲಿದೆ. ಹನೋಕನ ಹೆಸರು ಬಂದಾಗ ಮಾತ್ರ ಧಾಟಿ ಬದಲಾಗುತ್ತದೆ. ಅವನು ದೇವರೊಂದಿಗೆ ನಡೆದುಕೊಂಡ, 365 ವರ್ಷ ಬಾಳಿದ, ಆಮೇಲೆ ಕಾಣದಾದ, ದೇವರು ಅವನನ್ನು ಕರೆದುಕೊಂಡ. ಸತ್ತ ಎಂಬ ಮಾತೇ ಇಲ್ಲ. ಎಲ್ಲಿಗೆ ಹೋದ, ಅಲ್ಲಿ ಏನು ಕಂಡ ಎಂಬ ಕುತೂಹಲ ಮುಂದಿನವರಿಗೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ರಿ.ಪೂ. 3ನೇ ಶತಮಾನದಿಂದ ಹನೋಕನ ಹೆಸರಿನಲ್ಲಿ ಒಂದರ ಹಿಂದೆ ಒಂದು ಗ್ರಂಥ ಬಂತು. ಅವನು ಸ್ವರ್ಗ ಸುತ್ತುತ್ತಾನೆ, ಕೆಟ್ಟ ದೇವದೂತರ ವಿಚಾರಣೆ ಕಾಣುತ್ತಾನೆ, ಸೂರ್ಯ ಚಂದ್ರರ ಓಟವನ್ನು ಕಲಿತು ಮಗ ಮೆತೂಷೆಲಹನಿಗೆ ಹೇಳುತ್ತಾನೆ. 365 ಎಂಬ ಆಯುಸ್ಸು ಅವನನ್ನು ಪಂಚಾಂಗದ ಪಂಡಿತನನ್ನಾಗಿ ಮಾಡಲು ನೆರವಾಗಿರಬೇಕು. ಈ ಗ್ರಂಥಗಳ ಅರಮಾಯಿಕ್ ಚೂರುಗಳು ಕುಮ್ರಾನಿನಲ್ಲಿ ಸಿಕ್ಕಿವೆ. ಇಡಿಯಾಗಿ ಉಳಿದದ್ದು ಇಥಿಯೋಪಿಯಾದ ಗೀಜ್ ಭಾಷೆಯಲ್ಲಿ ಮಾತ್ರ.

ಸಾವಿಲ್ಲದೆ ಹೋದ ಇನ್ನೊಬ್ಬ ಎಲೀಯ. ಬೆಂಕಿಯ ರಥ ಅಡ್ಡ ಬಂದು, ಸುಂಟರಗಾಳಿಯಲ್ಲಿ ಅವನು ಮೇಲೇರಿದ ಎಂದು ಅರಸುಗಳ ಎರಡನೆಯ ಗ್ರಂಥ ಹೇಳುತ್ತದೆ. ಅವನು ಮರಳಿ ಬರುತ್ತಾನೆಂಬ ಮಾತಿನೊಂದಿಗೆ ಮಲಾಕಿಯ ಪ್ರವಾದಿಯ ಗ್ರಂಥ ಮುಗಿಯುತ್ತದೆ. ಆ ನಂಬಿಕೆ ನಮ್ಮ ಹತ್ತಿರಕ್ಕೂ ಬಂದಿದೆ. ಕೊಂಕಣದ ಬೆನೆ ಇಸ್ರಾಯೇಲ್ ಯೆಹೂದಿಗಳು ಆಲಿಬಾಗ್ ಬಳಿಯ ಖಂಡಾಳಾ ಹಳ್ಳಿಯ ಬಂಡೆಯ ಮೇಲೆ ಎಲೀಯನ ರಥದ ಗುರುತಿದೆ ಎಂದು ನಂಬುತ್ತಾರೆ. ಅವಲಕ್ಕಿ, ಬೆಲ್ಲ ಇಲ್ಲವೇ ಸಕ್ಕರೆ, ತೆಂಗು, ಹಣ್ಣು ಕೂಡಿಸಿದ ಮಲಿದಾ ಇಟ್ಟು ಅವನಿಗೆ ಹರಕೆ ಸಲ್ಲಿಸುತ್ತಾರೆ.

ಈಗ ಅಕ್ಕಲಕೋಟಕ್ಕೆ ಬನ್ನಿ. ದತ್ತ ಸಂಪ್ರದಾಯದ ‘ಗುರುಚರಿತ್ರೆ’ ಮರಾಠಿ ಗ್ರಂಥ. ಬರೆದ ಸರಸ್ವತೀ ಗಂಗಾಧರ ಕನ್ನಡ ಮನೆಮಾತಿನವನು. ಅದರ ನಾಯಕ ನೃಸಿಂಹ ಸರಸ್ವತಿಗಳು ಗಾಣಗಾಪುರದಲ್ಲಿ ಬಹುಕಾಲ ಇದ್ದು, ಕೊನೆಗೆ ಶ್ರೀಶೈಲಕ್ಕೆ ಹೋಗಿ, ಹೂವಿನ ಆಸನದ ಮೇಲೆ ಕುಳಿತು ನದಿಯಲ್ಲಿ ಸಾಗಿ ಕದಳೀವನದ ಕಡೆ ಕಣ್ಮರೆಯಾಗುತ್ತಾರೆ. ಇಲ್ಲೂ ಸಮಾಧಿಯಾಯಿತು ಎಂಬ ಮುಕ್ತಾಯವಿಲ್ಲ. ಹಾಗೆ ತೆರೆದುಳಿದ ಬಾಗಿಲಿನಿಂದಲೇ ಮುಂದಿನ ಕಥೆ ಒಳಗೆ ಬಂತು. ಮುನ್ನೂರಕ್ಕೂ ಹೆಚ್ಚು ವರ್ಷ ತಪಸ್ಸಿನಲ್ಲಿದ್ದ ಅವರ ಮೈಮೇಲೆ ಹುತ್ತ ಬೆಳೆದಿತ್ತು, ಕಟ್ಟಿಗೆ ಕಡಿಯುವವನ ಕೊಡಲಿ ತಾಗಿ ಎಚ್ಚರಗೊಂಡರು, ಅವರೇ ಅಕ್ಕಲಕೋಟದ ಸ್ವಾಮಿ ಸಮರ್ಥರು ಎಂಬುದು ಭಕ್ತರ ನಂಬಿಕೆ. ಸ್ವಾಮಿಗಳು 1878ರಲ್ಲಿ ಸಮಾಧಿಸ್ಥರಾದರು. ಹನೋಕನ ಕಥೆ ಮುಂದುವರಿದ ನಿಯಮವೇ ಇಲ್ಲೂ ಕೆಲಸ ಮಾಡಿದೆ. ಮೂಲ ಗ್ರಂಥ ಯಾರನ್ನು ಕಳಿಸಿಕೊಟ್ಟು ಮೌನವಾಯಿತೋ ಅವರೇ ಮರಳಿ ಬರುತ್ತಾರೆ.

ಎರಡನೆಯ ದಾರಿ: ಅದೇ ಕಥೆಯನ್ನು ತಿದ್ದಿ ಹೇಳುವುದು

ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದ ಅರಸ ಬತ್ಷೆಬೆಯನ್ನು ತರಿಸಿಕೊಂಡು, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸುತ್ತಾನೆ. ಸೆರೆಯಿಂದ ಮರಳಿದ ಮೇಲೆ ಬರೆದ ಪೂರ್ವಕಾಲವೃತ್ತಾಂತ ಅದೇ ಯುದ್ಧವನ್ನು ಹೇಳುತ್ತದೆ, ಈ ಪ್ರಸಂಗವನ್ನು ಬಿಡುತ್ತದೆ. ದೇವಾಲಯದ ಸುತ್ತ ಸಮಾಜವನ್ನು ಮತ್ತೆ ಕಟ್ಟುತ್ತಿದ್ದವರಿಗೆ ದೇವಾಲಯದ ಸಿದ್ಧತೆ ಮಾಡಿದ ದಾವೀದ ಬೇಕಾಗಿದ್ದ. ಇನ್ನೊಂದು ಕಡೆ, ಜನಗಣತಿ ಮಾಡಿಸುವಂತೆ ದಾವೀದನನ್ನು ಕೆರಳಿಸಿದವನು ದೇವರೇ ಎಂದು ಹಳೆಯ ಗ್ರಂಥ ಹೇಳಿದರೆ, ಹೊಸದು ಆ ಕೆಲಸವನ್ನು ಸೈತಾನನಿಗೆ ವಹಿಸುತ್ತದೆ. ದೇವರು ತಾನೇ ತಪ್ಪು ಮಾಡಿಸಿ ತಾನೇ ದಂಡಿಸುವುದು ಹೇಗೆ ಎಂಬ ಕಸಿವಿಸಿ ಆ ತಿದ್ದುಪಡಿಯ ಹಿಂದಿದೆ.

ಕನ್ನಡದಲ್ಲಿ ಇದಕ್ಕೆ ಸರಿಹೊಂದುವುದು ಅಲ್ಲಮನ ಕಥೆ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಅಲ್ಲಮ ಕಮಲತೆಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವಳು ಜ್ವರದಿಂದ ತೀರಿಕೊಂಡಾಗ ಹುಚ್ಚನಂತೆ ಅಲೆಯುತ್ತಾನೆ. ಆ ಅಲೆದಾಟದಲ್ಲೇ ನೆಲದಡಿಯ ಗುಡಿಯಲ್ಲಿ ಅನಿಮಿಷಯ್ಯನನ್ನು ಕಂಡು ಲಿಂಗ ಪಡೆಯುತ್ತಾನೆ. 15ನೇ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮ ಒಮ್ಮೆಯೂ ಮೋಹಕ್ಕೆ ಸಿಕ್ಕಿದವನಲ್ಲ. ಬನವಸಿಯ ಮಮಕಾರ ರಾಜನ ಮಗಳು ಮಾಯೆ ಅವನನ್ನು ಹಿಡಿಯಹೋಗಿ ಸೋಲುತ್ತಾಳೆ. ದುಃಖದಲ್ಲಿ ಬೆಂದು ಅರಿವಿಗೆ ಬಂದ ಅಲ್ಲಮ ಹರಿಹರನಿಗೆ ಹತ್ತಿರ. ಹುಟ್ಟಿನಿಂದಲೇ ನಿರ್ಮಾಯನಾದ ಅಲ್ಲಮ ಚಾಮರಸನ ಕಾಲದ ಮಠ ಪರಂಪರೆಗೆ ಬೇಕಾಗಿದ್ದ. ಎರಡು ಕೃತಿಗಳನ್ನು ಪಕ್ಕದಲ್ಲಿಟ್ಟು ಓದಿದವರಿಗೆ ಎರಡು ಕಾಲದ ಭಕ್ತಿ ಬೇರೆ ಬೇರೆಯಾಗಿ ಕಾಣುತ್ತದೆ.

ತಿದ್ದುವ ಕೆಲಸದಲ್ಲಿ ಹಳೆಯ ಗ್ರಂಥದ ಒಂದು ತುಂಡನ್ನು ಎತ್ತಿ ಇನ್ನೊಂದಕ್ಕೆ ಕೂಡಿಸುವುದೂ ಉಂಟು. ಮಗನನ್ನು ಬಲಿ ಕೊಡು ಎಂದು ದೇವರು ಅಬ್ರಹಾಮನನ್ನು ಪರೀಕ್ಷಿಸಿದ ಕಥೆ ಆದಿಕಾಂಡದಲ್ಲಿದೆ, ಪರೀಕ್ಷೆ ಯಾಕೆ ಎಂಬುದಿಲ್ಲ. ಕ್ರಿ.ಪೂ. 2ನೇ ಶತಮಾನದ ‘ಜೂಬಿಲೀಸ್’ ಗ್ರಂಥ ಉತ್ತರವನ್ನು, ದೇವರ ಮುಂದೆ ಸೈತಾನ ಯೋಬನ ಭಕ್ತಿಯನ್ನು ಶಂಕಿಸುವ ಹಳೆಯ ಕಥೆಯಿಂದ ತರುತ್ತದೆ: ದುಷ್ಟಶಕ್ತಿಗಳ ಒಡೆಯ ಮಸ್ತೇಮ ದೇವರ ಮುಂದೆ ನಿಂತು, ಅಬ್ರಹಾಮನ ಭಕ್ತಿಯನ್ನು ಒರೆಹಚ್ಚಿ ನೋಡು ಎನ್ನುತ್ತಾನೆ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ ಓದಿದವರಿಗೆ ಈ ಹೆಜ್ಜೆ ಪರಿಚಿತ. ಇಂದ್ರನ ಸಭೆಯಲ್ಲಿ ವಸಿಷ್ಠರು ಹರಿಶ್ಚಂದ್ರನ ಸತ್ಯವನ್ನು ಹೊಗಳುತ್ತಾರೆ, ವಿಶ್ವಾಮಿತ್ರರು ಅದನ್ನು ಸುಳ್ಳುಮಾಡುತ್ತೇನೆಂದು ಪಂಥ ಕಟ್ಟುತ್ತಾರೆ. ಒಳ್ಳೆಯವನಿಗೆ ಇಷ್ಟು ಕಷ್ಟ ಏಕೆ ಎಂಬ ಪ್ರಶ್ನೆ ಕಾಡಿದಲ್ಲೆಲ್ಲ ಕಥೆಯ ಮೊದಲು ಮೇಲಿನ ಲೋಕದಲ್ಲಿ ಒಂದು ವಾದ ಏಳುತ್ತದೆ.

ಮೂರನೆಯ ದಾರಿ: ಹಳೆಯ ಅಚ್ಚಿನಲ್ಲಿ ಹೊಸ ಪುರುಷ, ಹೊಸ ಊರು

ಯೆಹೂದಿಗಳ ಪುರಾತನ ನಾಯಕ ಮೋಶೆ ಸಮುದ್ರವನ್ನು ಇಬ್ಭಾಗ ಮಾಡಿ ಜನರನ್ನು ದಾಟಿಸಿದ. ಅವನ ನಂತರ ನಾಯಕನಾದ ಯೆಹೋಶುವನ ಕಾಲದಲ್ಲಿ ಯೊರ್ದನ್ ಹೊಳೆ ಹರಿಯುವುದನ್ನು ನಿಲ್ಲಿಸಿ ದಾರಿ ಬಿಡುತ್ತದೆ. ಮೋಶೆ ಬೆಟ್ಟದ ಮೇಲೆ ನಲವತ್ತು ದಿನ ಇದ್ದ. ಎಲೀಯ ನಲವತ್ತು ದಿನ ನಡೆದು ಅದೇ ಬೆಟ್ಟ ಸೇರುತ್ತಾನೆ. ಎಲೀಯ ಮೋಶೆಯ ಸಾಲಿನವನು ಎಂದು ಲೇಖಕ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಘಟನೆಯ ಆಕಾರವೇ ಅದನ್ನು ಹೇಳುತ್ತದೆ.

ಸೊನ್ನಲಿಗೆಯಲ್ಲಿ ಅಚ್ಚಾಗಿ ನಿಂತಿರುವುದು ಶ್ರೀಶೈಲ. ರಾಘವಾಂಕನ ಕಥೆಯಲ್ಲಿ ಮುದ್ದುಗೌಡ ಸುಗ್ಗವ್ವೆಯರ ಮಗ ಮಾತಾಡದ, ಲೋಕಕ್ಕೆ ಮಂಕನಂತೆ ಕಾಣುವ ಹುಡುಗ. ದನ ಕಾಯುವಾಗ ಮಲ್ಲಯ್ಯ ಜಂಗಮನಾಗಿ ಬಂದು ಉಣ್ಣಲು ಬೇಡುತ್ತಾನೆ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಜಂಗಮ ಇಲ್ಲ. ‘ಮಲ್ಲಯ್ಯಾ’ ಎಂದು ಕೂಗುತ್ತ ಶ್ರೀಶೈಲದವರೆಗೂ ಹೋಗುತ್ತಾನೆ. ಅಲ್ಲಿಯವರು ತೋರಿಸಿದ ಲಿಂಗದಲ್ಲಿ ತನ್ನ ಮಲ್ಲಯ್ಯ ಕಾಣದೆ ಕೊಳ್ಳಕ್ಕೆ ಹಾರಲು ಹೊರಟಾಗ ಶಿವ ಕೈಹಿಡಿಯುತ್ತಾನೆ, ಸೊನ್ನಲಿಗೆಗೆ ಮರಳಿ ಅದನ್ನೇ ಶ್ರೀಶೈಲ ಮಾಡು ಎಂದು ಕಳಿಸುತ್ತಾನೆ. ಕೆರೆ ಬರುತ್ತದೆ, ಗುಡಿ ಬರುತ್ತದೆ, ಲಿಂಗಗಳು ಬರುತ್ತವೆ. ಅರವತ್ತೆಂಟು ಎಂಬ ಎಣಿಕೆಗೂ ಹಳೆಯ ಬೇರಿದೆ. ಅಷ್ಟಷಷ್ಟಿ ತೀರ್ಥ ಎಂದು ಶೈವರಲ್ಲಿ ಬಹಳ ಹಿಂದಿನಿಂದ ಬಂದ ಪುಣ್ಯಕ್ಷೇತ್ರಗಳ ಸಂಖ್ಯೆ ಅದು. ಅಷ್ಟೂ ಲಿಂಗಗಳು ಒಂದೇ ಊರಿನ ಸುತ್ತ ನಿಂತಾಗ ದೂರದ ಯಾತ್ರೆಯ ಫಲ ಮನೆಬಾಗಿಲಿಗೆ ಬಂತು. ಇಂದಿಗೂ ಎಣ್ಣೆಮಜ್ಜನದ ದಿನ ಜನ ಆ ದಾರಿಯನ್ನು ಕಾಲ್ನಡಿಗೆಯಲ್ಲೇ ಸುತ್ತುತ್ತಾರೆ.

ನಾಲ್ಕನೆಯ ದಾರಿ: ಹಳೆಯವರ ಬಾಯಲ್ಲಿ ಇಂದಿನ ಸಂಕಟ

ದಾನಿಯೇಲನ ಗ್ರಂಥದ ಕಥೆ ನಡೆಯುವುದು ಕ್ರಿ.ಪೂ. 6ನೇ ಶತಮಾನದ ಬಾಬಿಲೋನಿನಲ್ಲಿ. ಅದರ ದರ್ಶನಗಳು ಬರೆಯಲ್ಪಟ್ಟಿದ್ದು ಕ್ರಿ.ಪೂ. 165ರ ಸುಮಾರಿಗೆ, ಅರಸ ನಾಲ್ಕನೆಯ ಆಂಟಿಯೋಕಸ್ ಜೆರುಸಲೇಮಿನ ದೇವಾಲಯವನ್ನು ಅಪವಿತ್ರಗೊಳಿಸಿದ ದಿನಗಳಲ್ಲಿ. ವಿದ್ವಾಂಸರು ಇದನ್ನು ಪತ್ತೆ ಹಚ್ಚುವ ಬಗೆ ಸರಳ. ಹನ್ನೊಂದನೆಯ ಅಧ್ಯಾಯದ ಭವಿಷ್ಯ ಆ ಅಪವಿತ್ರತೆಯವರೆಗೆ ಇತಿಹಾಸಕ್ಕೆ ಎಳೆ ಎಳೆಯಾಗಿ ಹೊಂದುತ್ತದೆ. ಅರಸನ ಮರಣದ ಮಾತು ಬಂದಾಗ ಹೊಂದಿಕೆ ತಪ್ಪುತ್ತದೆ. ಎಲ್ಲಿಯವರೆಗೆ ನಿಖರವೋ ಅಲ್ಲಿಯವರೆಗೆ ಲೇಖಕ ಕಂಡದ್ದು, ಅಲ್ಲಿಂದ ಮುಂದೆ ಅವನು ಹಂಬಲಿಸಿದ್ದು. ಕ್ರಿ.ಶ. 100ರ ಹೊತ್ತಿಗೆ ಬಂದ ಎಜ್ರನ ಹೆಸರಿನ ಇನ್ನೊಂದು ಗ್ರಂಥವೂ ಹೀಗೆಯೇ. ಮೊದಲ ದೇವಾಲಯದ ನಾಶಕ್ಕೆ ಎಜ್ರ ಅಳುತ್ತಾನೆ, ಓದುಗರ ಕಣ್ಣಲ್ಲಿ ಇರುವುದು ಎರಡನೆಯದರ ಬೂದಿ.

1565ರಲ್ಲಿ ವಿಜಯನಗರ ಬಿತ್ತು. ಹತ್ತೊಂಬತ್ತು ವರ್ಷಗಳ ನಂತರ ವಿರೂಪಾಕ್ಷ ಪಂಡಿತ ‘ಚೆನ್ನಬಸವಪುರಾಣ’ವನ್ನು ಮುಗಿಸಿದ. ಅದರಲ್ಲಿ 12ನೇ ಶತಮಾನದ ಚೆನ್ನಬಸವಣ್ಣ ಸೃಷ್ಟಿಯ ಕಥೆ, ಶಿವನ ಲೀಲೆ, ಶರಣರ ಚರಿತೆಗಳನ್ನೆಲ್ಲ ಸಿದ್ಧರಾಮರಿಗೆ ಹೇಳುತ್ತಾನೆ, ಮುಂದೆ ಆಗಲಿರುವುದನ್ನೂ ನುಡಿಯುತ್ತಾನೆ. ಶರಣರ ಹೆಸರಿನಲ್ಲಿ ಬೆಳೆದ ಕಾಲಜ್ಞಾನ ಸಾಹಿತ್ಯದ ಮನಸ್ಸೂ ಇದೇ: ಕೆಟ್ಟ ಕಾಲ ಬರುವುದು ಹಿರಿಯರಿಗೆ ಗೊತ್ತಿತ್ತು, ಆದ್ದರಿಂದ ಒಳ್ಳೆಯ ಕಾಲ ಬರುವುದೂ ನಿಶ್ಚಯ. ಕಾಲಜ್ಞಾನವನ್ನು ಓದುವಾಗಲೂ ದಾನಿಯೇಲನಿಗೆ ಹಿಡಿದ ಅಳತೆಗೋಲನ್ನೇ ಹಿಡಿಯಿರಿ. ನಿಖರತೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಬರೆದವನ ಕಾಲ ಇದೆ.

ಹೀಗೆ ಹಿರಿಯರ ಹೆಸರಿನಲ್ಲಿ ಬರೆಯುವುದನ್ನು ಮೋಸವೆಂದು ತಳ್ಳಿಹಾಕುವುದು ಅವಸರದ ಮಾತು. ತನ್ನ ಹೆಸರನ್ನು ಮುಂದಿಡುವುದಕ್ಕಿಂತ ತಾನು ನಿಂತ ಪರಂಪರೆಯ ಹೆಸರನ್ನು ಮುಂದಿಡುವುದು ಆ ಲೇಖಕರಿಗೆ ಸಹಜವಾಗಿತ್ತು. ಆದರೆ ಹೆಸರಿನ ಕಾಲವನ್ನೇ ಬರಹದ ಕಾಲವೆಂದು ಹಿಡಿಯುವುದೂ ತಪ್ಪು. ‘ಚೆನ್ನಬಸವಪುರಾಣ’ದಿಂದ 16ನೇ ಶತಮಾನದ ಮನಸ್ಸನ್ನು ತಿಳಿಯಬಹುದು. 12ನೇ ಶತಮಾನದ ಘಟನೆಗೆ ಅದನ್ನೇ ಸಾಕ್ಷಿಯಾಗಿ ಎಳೆದು ತರುವಾಗ ಎಚ್ಚರ ಬೇಕು.

ಐದನೆಯ ದಾರಿ: ಎದುರಾಬದುರು ಕೂರಿಸಿ ಮಾತಾಡಿಸುವುದು

ಯೆಹೂದಿ ಗುರುಗಳ ವಾದ ವ್ಯಾಖ್ಯಾನಗಳ ಗ್ರಂಥವಾದ ತಾಲ್ಮೂದಿನಲ್ಲಿ ಒಂದು ಕಥೆ ಇದೆ. ಮೋಶೆ ಕಾಲವನ್ನು ದಾಟಿ, ಕ್ರಿ.ಶ. 2ನೇ ಶತಮಾನದ ಗುರು ಅಕೀವನ ಪಾಠಶಾಲೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಪಾಠ ಅವನಿಗೆ ಅರ್ಥವಾಗುವುದಿಲ್ಲ, ಎದೆಗುಂದುತ್ತಾನೆ. ಶಿಷ್ಯನೊಬ್ಬ ಇದಕ್ಕೆ ಆಧಾರವೇನು ಎಂದು ಕೇಳಿದಾಗ, ಇದು ಸೀನಾಯಿ ಬೆಟ್ಟದಲ್ಲಿ ದೇವರು ಮೋಶೆಗೆ ಕೊಟ್ಟ ನಿಯಮ ಎನ್ನುತ್ತಾನೆ ಅಕೀವ. ಮೋಶೆಗೆ ಸಮಾಧಾನವಾಗುತ್ತದೆ. ವ್ಯಾಖ್ಯಾನ ಮೂಲದಿಂದ ಬಹುದೂರ ಬಂದಿದೆ, ಆದರೂ ಅದು ಮೂಲದ್ದೇ ಎಂಬ ನಂಬಿಕೆಯನ್ನು ಇಷ್ಟು ಚೆನ್ನಾಗಿ ಹೇಳಿದ ಕಥೆ ಅಪರೂಪ.

‘ಶೂನ್ಯಸಂಪಾದನೆ’ ಇಡಿಯಾಗಿ ಇಂಥ ಭೇಟಿಗಳ ಗ್ರಂಥ. ಮೊದಲು ಶಿವಗಣಪ್ರಸಾದಿ ಮಹಾದೇವಯ್ಯ, ಅವನ ನಂತರ ಇನ್ನೂ ಮೂವರು ಇದನ್ನು ಸಂಪಾದಿಸಿದರು. ಶರಣರ ಬಿಡಿ ವಚನಗಳನ್ನು ಆಯ್ದು, ಸಂವಾದವಾಗಿ ಜೋಡಿಸಿ, ನಡುವೆ ಗದ್ಯ ಬೆಸೆದರು. ಅದರಲ್ಲಿ ಅಲ್ಲಮ ಸೊನ್ನಲಿಗೆಗೆ ಬಂದು, ಕೆರೆ ತೋಡುವ ಕೆಲಸಗಾರರ ಮುಂದೆ ಸಿದ್ಧರಾಮರನ್ನು ‘ಒಡ್ಡರಾಮ’ ಎಂದು ಕರೆಯುತ್ತಾನೆ. ಸಿಟ್ಟಾದ ಅವರು ಕಲ್ಲು ಬೀರುತ್ತಾರೆ. ಮುಂದೆ ಸಿದ್ಧರಾಮರೂ ಅಲ್ಲಮನೂ ವಾದಕ್ಕೆ ನಿಲ್ಲುತ್ತಾರೆ: ಲೋಕಕ್ಕಾಗಿ ಕೆರೆ ಗುಡಿ ಕಟ್ಟುವುದು ಮುಕ್ತಿಯೋ, ತನ್ನೊಳಗನ್ನು ಅರಿಯುವುದೋ? ರಾಘವಾಂಕನಿಗೆ ಸೊನ್ನಲಿಗೆಯೇ ಗುರಿ. ಇಲ್ಲಿ ಸೊನ್ನಲಿಗೆ ಒಂದು ಮೆಟ್ಟಿಲು, ಗುರಿ ಕಲ್ಯಾಣ. ಸೊನ್ನಲಿಗೆಯ ಹಿರಿಮೆಯನ್ನು ಕಲ್ಯಾಣದ ಅನುಭವ ಮಂಟಪದ ತತ್ತ್ವದೊಳಗೆ ತಂದುಕೊಳ್ಳಲು ಸಂಪಾದಕರು ಹಿಡಿದ ಕೊಂಡಿ ಸಿದ್ಧರಾಮರ ಕಾಯಕವೇ.

ಅದೇ ಕಾಯಕ ಇನ್ನೊಬ್ಬರಿಗೆ ನೆರಳಾಯಿತು. ಕಲ್ಲು ಮಣ್ಣಿನ ಕೆಲಸವನ್ನೇ ನೆಚ್ಚಿ ಬದುಕಿದ ಭೋವಿ ಸಮುದಾಯ ಸಿದ್ಧರಾಮೇಶ್ವರರನ್ನು ಕುಲಗುರುವಾಗಿ ಕಾಣುತ್ತದೆ. ಚಿತ್ರದುರ್ಗದಲ್ಲಿ ಅದರ ಗುರುಪೀಠವಿದೆ. ಗ್ರಂಥದಲ್ಲಿ ‘ಒಡ್ಡ’ ಎಂದು ಕೆಣಕುವ ಮಾತಾಗಿ ಬಂದದ್ದನ್ನು ದುಡಿಯುವವರು ತಲೆಯೆತ್ತಿ ಹೇಳುವ ನಂಟಾಗಿ ಮಾಡಿಕೊಂಡರು. ಬಸವಣ್ಣನವರೂ ತಮ್ಮ ಹುಟ್ಟಿನ ಕುಲವನ್ನು ಬದಿಗಿಟ್ಟು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಮನೆಯ ಮಗ ತಾನೆಂದು ವಚನಗಳಲ್ಲಿ ಹೇಳಿಕೊಂಡರು. ಪೂರ್ವಜರನ್ನು ಆರಿಸಿಕೊಳ್ಳುವುದು ಸಮಾಜವನ್ನು ಬದಲಿಸುವ ಕೆಲಸ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ನೀವೇ ಓದಿ ನೋಡುವ ಕ್ರಮ

ಪುರಾಣವೋ ಸ್ಥಳಪುರಾಣವೋ ಜಾತ್ರೆಯ ಕಥೆಯೋ, ಯಾವುದನ್ನು ಕೈಗೆತ್ತಿಕೊಂಡರೂ ಈ ಕ್ರಮ ನೆರವಾಗುತ್ತದೆ.

ಮೊದಲು ಎರಡು ಕಾಲಗಳನ್ನು ಬೇರೆ ಬೇರೆ ಬರೆದುಕೊಳ್ಳಿ: ಕಥಾನಾಯಕ ಬಾಳಿದ ಕಾಲ, ಕೃತಿ ಹುಟ್ಟಿದ ಕಾಲ. ಸಿದ್ಧರಾಮರಿಗೂ ‘ಚೆನ್ನಬಸವಪುರಾಣ’ಕ್ಕೂ ನಡುವೆ ನಾಲ್ಕು ಶತಮಾನ ಇದೆ ಎಂಬುದೊಂದೇ ಎಷ್ಟೋ ಗೊಂದಲ ಕಳೆಯುತ್ತದೆ.

ಎರಡನೆಯದಾಗಿ, ಅದೇ ವ್ಯಕ್ತಿಯ ಹಳೆಯ ಕಥೆಯನ್ನು ಪಕ್ಕದಲ್ಲಿಡಿ. ಏನು ಸೇರಿತು, ಏನು ಬಿಟ್ಟುಹೋಯಿತು, ಯಾವುದು ಹಿಂದುಮುಂದಾಯಿತು ಎಂದು ಗುರುತು ಹಾಕಿ. ಬಿಟ್ಟದ್ದು ಸೇರಿಸಿದ್ದಕ್ಕಿಂತ ಹೆಚ್ಚು ಹೇಳುವುದುಂಟು, ದಾವೀದನಲ್ಲಿ ಕಂಡ ಹಾಗೆ.

ಮೂರನೆಯದಾಗಿ, ಕೊಂಡಿ ಹುಡುಕಿ. ಹಳೆಯ ಕಥೆಯಲ್ಲಿ ಮೌನ ಇತ್ತೇ? ಓದುಗರ ನೀತಿಗೆ ಒಗ್ಗದ ಘಟನೆ ಇತ್ತೇ? ಮರಳಿ ಬಳಸಬಹುದಾದ ಸಂಖ್ಯೆಯೋ ಬೆಟ್ಟವೋ ಇತ್ತೇ?

ನಾಲ್ಕನೆಯದಾಗಿ, ಈ ಹೊಸ ರೂಪದಿಂದ ಯಾರಿಗೆ ಬಲ ಬಂತು ಎಂದು ಕೇಳಿ. ಊರಿಗೋ, ಮಠಕ್ಕೋ, ದುಡಿಯುವ ಕುಲಕ್ಕೋ, ಸೋತು ಕುಳಿತ ಜನಕ್ಕೋ?

ಕೊನೆಯದಾಗಿ, ಶರಣರ ಸ್ವಂತ ಮಾತಿನ ಹತ್ತಿರ ಹೋಗಿ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಅಂಕಿತದ ಸಿದ್ಧರಾಮರ ವಚನಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ತಂದ ಸಮಗ್ರ ವಚನ ಸಂಪುಟಗಳಲ್ಲಿ ಅವು ಸಿಗುತ್ತವೆ. ಒಂದು ಅಂಕಿತದಡಿ ನಂತರದವರ ರಚನೆಗಳೂ ಸೇರಿರಬಹುದು ಎಂಬ ಎಚ್ಚರದೊಂದಿಗೆ ಓದಿದರೂ, ಕಾವ್ಯದ ಸಿದ್ಧರಾಮರನ್ನು ತೂಗಲು ಇದಕ್ಕಿಂತ ಹತ್ತಿರದ ಕಲ್ಲು ಬೇರೆ ಇಲ್ಲ.

ಹೀಗೆ ಓದಿದರೆ ಭಕ್ತಿಗೆ ಕೊರತೆಯಾಗುತ್ತದೆ ಎಂಬ ಅಂಜಿಕೆ ಕೆಲವರಿಗಿದೆ. ಆಗುವುದು ಅದರ ವಿರುದ್ಧ. ಯೆಹೂದಿಗಳು ಎರಡು ಬಾರಿ ದೇವಾಲಯ ಕಳೆದುಕೊಂಡರೂ ಉಳಿದದ್ದು ಹನೋಕ, ಮೋಶೆ, ಎಲೀಯರನ್ನು ತಲೆಮಾರಿಗೊಮ್ಮೆ ಹೊಸ ಪ್ರಶ್ನೆಯೊಂದಿಗೆ ಮಾತಾಡಿಸಿದ್ದರಿಂದಲೂ ಹೌದು. ಕರ್ನಾಟಕದ ಗಡಿಯ ಆಚೆ ಉಳಿದ ಸೊಲ್ಲಾಪುರ, ಅಕ್ಕಲಕೋಟದ ಕನ್ನಡಿಗರಿಗೆ ಸಿದ್ಧರಾಮರೇ ಅಂಥ ಆಸ್ತಿ. ಆ ಆಸ್ತಿಯನ್ನು ಮಕ್ಕಳ ಕೈಗೆ ಕೊಡುವಾಗ ಒಂದೇ ಕಥೆ ಹೇಳಿ ಮುಗಿಸಬಾರದು. ರಾಘವಾಂಕನದನ್ನೂ ಹೇಳಬೇಕು, ‘ಶೂನ್ಯಸಂಪಾದನೆ’ಯದನ್ನೂ ಹೇಳಬೇಕು, ಎರಡೂ ಏಕೆ ಬೇರೆಯಾದವು ಎಂದು ಅವರನ್ನೇ ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟ ಮಗು ಹಳೆಯ ಪುಸ್ತಕವನ್ನು ತಾನಾಗಿ ತೆರೆಯುತ್ತದೆ, ಪರಂಪರೆಗೆ ಮುಂದಿನ ಓದುಗ ಸಿಗುವುದು ಹಾಗೆ.